ಮರಳಿನ ಮೇಲಣ ಮೊದಲಕ್ಷರ: ಪೂರ್ವಕಾಲದ ಕನ್ನಡ ಮಠಶಾಲೆಯ ಮೊದಲನೆಯ ವರ್ಗ

ಮನುಷ್ಯನ ವಿದ್ಯೆಯು ಎಷ್ಟು ವಿಸ್ತಾರವಾಗಿ ಬೆಳೆದರೂ ಅದರ ಬೇರು ಒಂದು ಅಕ್ಷರದಲ್ಲಿಯೇ ಇರುವುದು. ಶಾಸ್ತ್ರಗಳನ್ನು ರಚಿಸಿದ ಪಂಡಿತರ ಹೆಸರುಗಳನ್ನು ಇತಿಹಾಸವು ಜತನವಾಗಿ ಕಾಯ್ದುಕೊಂಡು ಬಂದಿದೆ; ಆದರೆ ಆ ಪಂಡಿತರ ಎಳೆಯ ಬೆರಳನ್ನು ಹಿಡಿದು ಮೊಟ್ಟಮೊದಲು ಅಕಾರವನ್ನು ತಿದ್ದಿಸಿದ ಗುರುವಿನ ಹೆಸರು ಪ್ರಾಯಶಃ ಎಲ್ಲಿಯೂ ಉಳಿದಿರುವುದಿಲ್ಲ. ಕನ್ನಡ ನಾಡಿನಲ್ಲಿ ಇಂತಹ ಗುರುವನ್ನು ಜನರು ‘ಐಗಳು’ ಎಂದು ಕರೆಯುತ್ತಿದ್ದರು. ಜಂಗಮರಿಗೆ ಸಲ್ಲುವ ‘ಅಯ್ಯ’ ಎಂಬ ಗೌರವವಾಚಕವೇ ಉಪಾಧ್ಯಾಯನ ಹೆಸರಾಗಿ ನಿಂತುದೂ, ಹಳ್ಳಿಯ ಶಾಲೆಗೆ ‘ಮಠ’, ‘ಕೂಲಿಮಠ’ ಎಂಬ ಹೆಸರುಗಳು ಬಂದುದೂ ಮಠಕ್ಕೂ ಅಕ್ಷರಕ್ಕೂ ಇದ್ದ ಹಳೆಯ ನಂಟನ್ನು ತೋರಿಸುತ್ತವೆ. ಆ ಮಠಶಾಲೆಯ ಮೊದಲನೆಯ ವರ್ಗದಲ್ಲಿ ಐದು ವರ್ಷದ ಕೂಸು ದಿನವನ್ನು ಹೇಗೆ ಕಳೆಯುತ್ತಿದ್ದಿತು, ಏನನ್ನು ಕಲಿಯುತ್ತಿದ್ದಿತು, ಯಾವುದನ್ನು ಕಲಿಯದೆ ಹೋಗುತ್ತಿದ್ದಿತು ಎಂಬುದು ವಿಚಾರಾರ್ಹವಾದ ಸಂಗತಿ.

ಈ ವಿಷಯದಲ್ಲಿ ದೊರೆಯುವ ಆಧಾರಗಳಲ್ಲಿ ಬಳ್ಳಾರಿ ಜಿಲ್ಲೆಯ ವರದಿಯು ಮುಖ್ಯವಾದುದು. ಮದರಾಸು ಇಲಾಖೆಯ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ನೆಯ ಇಸವಿ ಜೂನ್ ತಿಂಗಳಲ್ಲಿ ಇಲಾಖೆಯ ಸಮಸ್ತ ಜಿಲ್ಲೆಗಳ ದೇಶೀಯ ಶಾಲೆಗಳ ಲೆಕ್ಕವನ್ನು ಬರೆದು ಕಳಿಸಬೇಕೆಂದು ಆಜ್ಞಾಪಿಸಿದನು. ಬಳ್ಳಾರಿಯ ಕಲೆಕ್ಟರನಾದ ಏ. ಡಿ. ಕ್ಯಾಂಬೆಲ್ಲನು 1823ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಉತ್ತರವನ್ನು ಕಳುಹಿಸಿದನು. ಈತನು 1816ರಲ್ಲಿಯೇ ತೆಲುಗು ವ್ಯಾಕರಣವೊಂದನ್ನು ಪ್ರಕಟಿಸಿದ್ದ ಭಾಷಾಭಿಜ್ಞನು. ಆದುದರಿಂದ ಬರಿಯ ಅಂಕೆಗಳನ್ನು ಕೊಟ್ಟು ಸುಮ್ಮನಾಗದೆ, ಶಾಲೆಯ ಒಳಗೆ ಪ್ರವೇಶಿಸಿ ಅಲ್ಲಿಯ ದಿನಚರಿಯನ್ನೂ ವಿಸ್ತಾರವಾಗಿ ವರ್ಣಿಸಿದನು.

ಮೊದಲು ಅಂಕೆಗಳು. ಆಗಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533, ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4, ಇಂಗ್ಲಿಷು 1. ಕಲಿಯುವವರ ಒಟ್ಟು ಸಂಖ್ಯೆ 6,641. ಎಂದರೆ ಒಂದೊಂದು ಶಾಲೆಗೆ ಸುಮಾರು ಹನ್ನೆರಡು ಮಕ್ಕಳು. ಜನಸಂಖ್ಯೆಯಲ್ಲಿ ಸಾವಿರಕ್ಕೆ ಏಳು ಮಂದಿಯಷ್ಟೇ ಶಾಲೆಯಲ್ಲಿದ್ದರು. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಈ ಕೊನೆಯ ಅಂಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ವರ್ಣನೆಯನ್ನು ಓದುವುದು ಯುಕ್ತವು.

ಮಗುವಿಗೆ ಐದು ವರ್ಷ ತುಂಬಿದೊಡನೆ ವಿದ್ಯಾರಂಭವಾಗುತ್ತಿದ್ದಿತು. ಆ ದಿನ ಐಗಳೂ ಶಾಲೆಯ ಹುಡುಗರೂ ಮಗುವಿನ ಮನೆಗೆ ಆಮಂತ್ರಿತರಾಗಿ ಬಂದು ಗಣಪತಿಯ ಸುತ್ತಲೂ ಮಂಡಲಾಕಾರವಾಗಿ ಕುಳಿತುಕೊಳ್ಳುವರು. ಮಗುವನ್ನು ದೇವರ ಎದುರಿಗೆ ಕುಳ್ಳಿರಿಸಿ, ಧೂಪವನ್ನು ಹಾಕಿ, ಬುದ್ಧಿಯನ್ನು ಕೊಡೆಂದು ಬೇಡುವ ಪ್ರಾರ್ಥನೆಯನ್ನು ಹೇಳಿಸಿ, ಐಗಳು ಅದರ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವನಾಮವನ್ನು ಬರೆಯಿಸುವರು. ‘ಓಂ ನಮಃ’ ಎಂಬ ವಂದನೆಯಿಂದ ಹುಟ್ಟಿದ ‘ಓನಾಮ’ ಎಂಬ ಮಾತು ಅಕ್ಷರಾಭ್ಯಾಸಕ್ಕೇ ಹೆಸರಾಯಿತು. ತಾಯಿತಂದೆಗಳು ಯಥಾಶಕ್ತಿ ಕಾಣಿಕೆಯನ್ನು ಸಲ್ಲಿಸುವರು. ಮರುದಿನದ ಬೆಳಗಿನಿಂದಲೇ ಕೂಸು ಶಾಲೆಯ ಹುಡುಗನಾಗುವನು. ಅವನನ್ನು ಹೊಸ ಸ್ಥಳಕ್ಕೆ ಒಬ್ಬೊಂಟಿಗನಾಗಿ ದೂಡುತ್ತಿರಲಿಲ್ಲ; ಶಾಲೆಯೇ ಮೊದಲು ಅವನ ಮನೆಗೆ ಬಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದಿತು.

ಶಾಲೆಯು ಬೆಳಗಿನ ಆರು ಗಂಟೆಗೆ ಆರಂಭವಾಗುತ್ತಿದ್ದಿತು. ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಮರ್ಯಾದೆಯ ಗುರುತಾಗಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಕೈಯಲ್ಲಿ ಸೊನ್ನೆ. ಅವನು ಹೊಗಳಿಕೆಗೂ ಪಾತ್ರನಲ್ಲ, ತೆಗಳಿಕೆಗೂ ಪಾತ್ರನಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆಯೇ ತಡವಾಗಿ ಬಂದಷ್ಟೂ ಏಟುಗಳು ಏರುತ್ತ ಹೋಗುವುವು. ಸೋಮಾರಿಗೆ ಇನ್ನೂ ಘೋರವಾದ ಶಿಕ್ಷೆಗಳಿದ್ದವು. ಕೈಗಳೆರಡನ್ನೂ ಕಟ್ಟಿ ಮಾಡಿಗೆ ತೂಗಹಾಕುವುದು, ಎಡೆಬಿಡದೆ ಬಸ್ಕಿ ತೆಗೆಯಿಸುವುದು ಮುಂತಾದವು ಅಂದಿನ ಐಗಳಿಗೆ ಸಹಜವಾಗಿ ತೋರಿದವು. ತೂಗಹಾಕುವ ಶಿಕ್ಷೆಗೆ ‘ಕೋದಂಡ’ವೆಂಬ ಹೆಸರೇ ಬಿದ್ದಿದ್ದಿತು. ಸರಸ್ವತಿಯ ಹೆಸರನ್ನು ಬರೆಯುವ ಕೈಯೇ ಬೆತ್ತವನ್ನೂ ಹಿಡಿದಿದ್ದಿತೆಂಬುದನ್ನು ಮರೆಮಾಡುವುದು ಇತಿಹಾಸಕ್ಕೆ ಸಲ್ಲದು.

ಎಲ್ಲರೂ ಸೇರಿದ ಬಳಿಕ ಮಕ್ಕಳನ್ನು ಅವರವರ ಕಲಿಕೆಗೆ ತಕ್ಕಂತೆ ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸುವರು. ಇಲ್ಲಿ ವಯಸ್ಸಿನ ಗಣನೆಯಿಲ್ಲ, ವರ್ಷಾಂತ್ಯದ ಪರೀಕ್ಷೆಯೂ ಇಲ್ಲ. ಶಕ್ತಿಯಿದ್ದವನು ಬೇಗನೆ ಮೇಲಿನ ವರ್ಗಕ್ಕೆ ಏರುವನು, ಇಲ್ಲದವನು ನಿಧಾನವಾಗಿ ಏರುವನು. ಕೆಳಗಿನ ವರ್ಗಗಳನ್ನು ದೊಡ್ಡ ಹುಡುಗರು ನೋಡಿಕೊಳ್ಳುವರು; ಐಗಳು ಮೇಲಿನವರಿಗೆ ಪಾಠ ಹೇಳುತ್ತಲೇ ಇಡೀ ಶಾಲೆಯ ಮೇಲೆ ಕಣ್ಣಿಟ್ಟಿರುವರು.

ಮೊದಲನೆಯ ವರ್ಗದ ಮಗುವಿಗೆ ಪುಸ್ತಕವೂ ಇಲ್ಲ, ಪಾಟಿಯೂ ಇಲ್ಲ. ನೆಲದ ಮೇಲೆ ಹರಡಿದ ಮರಳೇ ಅದರ ಹಾಳೆ, ಬೆರಳೇ ಲೇಖಣಿ. ಪಾಶ್ಚಾತ್ಯರ ಪದ್ಧತಿಯಲ್ಲಿ ಮಗುವು ಅಕ್ಷರಮಾಲೆಯನ್ನು ಬಾಯಿಂದ ಹೇಳಿ ಕಲಿಯುತ್ತಿದ್ದರೆ, ಇಲ್ಲಿ ಅಕ್ಷರವನ್ನು ಬರೆದು ಬರೆದೇ ಅರಿತುಕೊಳ್ಳುವುದೆಂದು ಕ್ಯಾಂಬೆಲ್ಲನು ಭೇದವನ್ನು ಗುರುತಿಸಿದ್ದಾನೆ. ಮರಳಿನಲ್ಲಿ ತಪ್ಪಿದರೆ ನಷ್ಟವಿಲ್ಲ. ಅಂಗೈಯಿಂದ ಸವರಿದರೆ ತಪ್ಪು ಅಳಿಯುವುದು, ಹಾಳೆಯು ಮತ್ತೆ ಹೊಸದಾಗುವುದು. ಬಡವನ ಮಗುವಿಗೂ ಧನಿಕನ ಮಗುವಿಗೂ ಮರಳು ಒಂದೇ.

ಮರಳಿನಲ್ಲಿ ಕೈ ಕುದುರಿದ ತರುವಾಯ ಕಬ್ಬಿಣದ ಕಂಠದಿಂದ ತಾಳೆಗರಿಯ ಮೇಲೆ, ಇಲ್ಲವೆ ಲೇಖಣಿಯಿಂದ ಕಾಗದದ ಮೇಲೆ, ಒಮ್ಮೊಮ್ಮೆ ಈಶ್ವರಿಬಳ್ಳಿಯ ಎಲೆಯ ಮೇಲೆ ಬರೆಯುವ ಅಧಿಕಾರವು ಲಭಿಸುವುದು. ಬಳ್ಳಾರಿಯ ಸೀಮೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದುವು ಹಲಿಗೆ ಮತ್ತು ಕಡತ. ಹಲಿಗೆಯು ಒಂದಡಿ ಅಗಲ, ಮೂರಡಿ ಉದ್ದದ ಮರದ ತುಂಡು. ಅದನ್ನು ನಯವಾಗಿ ಕೆತ್ತಿ ಅನ್ನವನ್ನೂ ಇದ್ದಲಿನ ಪುಡಿಯನ್ನೂ ಸವರಿದರೆ ಸಿದ್ಧವಾಗುವುದು. ಕಡತವು ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆ. ಅದನ್ನು ಪುಸ್ತಕದಂತೆ ಮಡಿಸಿ ಇದ್ದಲು ಮತ್ತು ಅಂಟುಗಳ ಲೇಪವನ್ನು ಕೊಡುವರು. ಎರಡರ ಮೇಲೂ ಬಳಪದಿಂದ ಬರೆದು ಒದ್ದೆಯ ಬಟ್ಟೆಯಿಂದ ಒರಸುವರು. ಇವೆಲ್ಲವೂ ಊರಿನಲ್ಲಿಯೇ ದೊರೆಯುವ ಪದಾರ್ಥಗಳಿಂದ ಆದವುಗಳೆಂಬುದು ಗಮನಾರ್ಹವು.

ಅಕ್ಷರಗಳಾದ ಮೇಲೆ ಕಾಗುಣಿತ, ಒತ್ತಕ್ಷರ, ಆಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು, ಕೊನೆಗೆ ಅಂಕೆಗಳು. ಒಂದರಿಂದ ನೂರರ ವರೆಗಿನ ಎಣಿಕೆ, ಕೂಡುವುದು, ಕಳೆಯುವುದು, ಮಗ್ಗಿ, ಹಣ ಮತ್ತು ಅಳತೆಗಳ ಲೆಕ್ಕ ಇವು ಕ್ರಮವಾಗಿ ಬರುವುವು. ಭಿನ್ನರಾಶಿಗಳಲ್ಲಿ ವಿಶೇಷ ಪರಿಶ್ರಮವಿದ್ದಿತು. ಅವು ಹತ್ತರ ಲೆಕ್ಕದಲ್ಲಿ ಇಳಿಯದೆ ನಾಲ್ಕರ ಲೆಕ್ಕದಲ್ಲಿ ಇಳಿಯುವುವು: ಕಾಲು, ಅದರ ಕಾಲುಭಾಗವಾದ ವೀಸ, ಮತ್ತದರ ಕಾಲುಭಾಗವಾದ ಕಾಣಿ. ದಿನಕ್ಕೆ ಎರಡು ಸಾರಿ ಮಕ್ಕಳೆಲ್ಲರೂ ಸಾಲಾಗಿ ನಿಂತು, ದೊಡ್ಡ ಹುಡುಗನೊಬ್ಬನು ಹೇಳಿದಂತೆ ಮಗ್ಗಿಗಳನ್ನೂ ಅಳತೆ ತೂಕಗಳ ಕೋಷ್ಟಕಗಳನ್ನೂ ಒಕ್ಕೊರಲಿನಿಂದ ಹೇಳುವರು. ಸಂತೆಯಲ್ಲಿ ಧಾನ್ಯವನ್ನು ಅಳೆಯುವವನಿಗೂ ಹೊಲದ ಲೆಕ್ಕವನ್ನು ಇಡುವವನಿಗೂ ಈ ವಿದ್ಯೆಯು ಜೀವಮಾನವೆಲ್ಲ ಉಪಯುಕ್ತವಾಗುತ್ತಿದ್ದಿತು.

ಮುಂದಿನ ವರ್ಗಗಳಲ್ಲಿ ಲಿಂಗಾಯತ ಮಕ್ಕಳು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣ ಮುಂತಾದವುಗಳನ್ನು ಓದುತ್ತಿದ್ದರೆಂದು ವರದಿಯು ಹೇಳುವುದು. ಆದರೆ ಕ್ಯಾಂಬೆಲ್ಲನು ಒಂದು ಕುಂದನ್ನು ಸಂಕೋಚವಿಲ್ಲದೆ ಎತ್ತಿ ತೋರಿಸಿದ್ದಾನೆ. ಗ್ರಂಥಗಳ ಕಾವ್ಯಭಾಷೆಯು ಆಡುಮಾತಿಗೆ ದೂರವಾಗಿದ್ದುದರಿಂದ ಹುಡುಗರು ನೂರಾರು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರೂ ಗಿಳಿಯಂತೆ ಅರ್ಥಶೂನ್ಯರಾಗಿದ್ದರು. ಜನರ ಆಡುಮಾತಿನಲ್ಲಿಯೇ ಶರಣರು ವಚನಗಳನ್ನು ಹೇಳಿದ ನಾಡಿನಲ್ಲಿ ಈ ಸ್ಥಿತಿಯು ಒದಗಿದುದು ಶೋಚನೀಯವೇ ಸರಿ.

ಅದಾಗ್ಯೂ ದೊಡ್ಡವನು ಚಿಕ್ಕವನಿಗೆ ಕಲಿಸುತ್ತ ತನ್ನ ವಿದ್ಯೆಯನ್ನೂ ದೃಢಪಡಿಸಿಕೊಳ್ಳುವ ಕ್ರಮವನ್ನು ಆತನು ಮನಸಾರೆ ಪ್ರಶಂಸಿಸಿದನು; ಇಂಗ್ಲೆಂಡಿನವರು ಇದನ್ನು ಅನುಕರಿಸಿದುದು ಉಚಿತವೆಂದೂ ಹೇಳಿದನು. ಆ ಅನುಕರಣದ ವೃತ್ತಾಂತವು ಮದರಾಸಿನದು. 1789ರಲ್ಲಿ ಅಲ್ಲಿಯ ಅನಾಥಬಾಲಕರ ಶಾಲೆಯ ಅಧಿಕಾರವನ್ನು ವಹಿಸಿದ ಡಾಕ್ಟರ್ ಆಂಡ್ರೂ ಬೆಲ್ಲನು ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ತನ್ನ ಶಾಲೆಯಲ್ಲಿಯೂ ಹಾಗೆಯೇ ಮಾಡಿಸಲು ಬಯಸಿದನು. ಅಲ್ಲಿಯ ಉಪಾಧ್ಯಾಯನು ಅದಕ್ಕೆ ಒಡಂಬಡದಿರಲು, ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನಿಗೇ ಮೊದಲನೆಯ ವರ್ಗವನ್ನು ಒಪ್ಪಿಸಿದನು. ಕಾರ್ಯವು ಸಫಲವಾಯಿತು. 1797ರಲ್ಲಿ ಬೆಲ್ಲನು ಈ ಪ್ರಯೋಗವನ್ನು ಕುರಿತು ಲಂಡನ್ನಿನಲ್ಲಿ ಪುಸ್ತಕವನ್ನು ಅಚ್ಚು ಹಾಕಿಸಿದ ಮೇಲೆ ಅದು ‘ಮದರಾಸು ಪದ್ಧತಿ’ ಎಂದು ಪ್ರಸಿದ್ಧವಾಗಿ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳನ್ನು ತುಂಬಿತು. ದಕ್ಷಿಣ ಹಿಂದೂಸ್ಥಾನದ ಮರಳು ಸಮುದ್ರವನ್ನು ದಾಟಿದ್ದು ಹೀಗೆ.

ಅತ್ತ ಅನುಕರಣವು ನಡೆಯುತ್ತಿರುವಾಗಲೇ ಇತ್ತ ಮೂಲವು ಬತ್ತುತ್ತಿದ್ದಿತು. ಬಳ್ಳಾರಿಯ 533 ಶಾಲೆಗಳಲ್ಲಿ ಒಂದಕ್ಕೂ ಸರಕಾರದಿಂದ ಸಹಾಯವಿಲ್ಲವೆಂದು ಕ್ಯಾಂಬೆಲ್ಲನು ನಾಚಿಕೆಯಿಂದ ಒಪ್ಪಿಕೊಂಡಿದ್ದಾನೆ. ವಿಲಾಯತಿ ಬಟ್ಟೆಯ ಆಮದಿನಿಂದ ನೇಕಾರರೇ ಮೊದಲಾದವರ ಜೀವನವು ಕುಗ್ಗಿ, ತಾಯಿತಂದೆಗಳಿಗೆ ಐಗಳ ಕೂಲಿಯನ್ನು ಕೊಡುವ ಶಕ್ತಿಯಿಲ್ಲದೆ ಹೋಯಿತು. ಎಳೆಯ ಕೈಗಳು ಕೂಲಿಯ ಕೆಲಸಕ್ಕೆ ತಿರುಗಿದವು. ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಆಗ ಶಾಲೆಗಳೇ ಇರಲಿಲ್ಲ. ಮರಳಿಗೆ ಬೆಲೆಯಿಲ್ಲದಿದ್ದರೂ ಮರಳಿನ ಮುಂದೆ ಕುಳಿತುಕೊಳ್ಳುವ ಬಿಡುವಿಗೆ ಬೆಲೆಯಿದ್ದಿತು.

ಕಾಲಕ್ರಮದಲ್ಲಿ ಸರಕಾರಿ ಶಾಲೆಗಳು ಬಂದವು. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸರ ಸೂಚನೆಯಂತೆ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯು ಹುಟ್ಟಿತು. ಕಡತವು ಹೋಗಿ ಕಲ್ಲಿನ ಪಾಟಿಯೂ ಅಚ್ಚಿನ ಪುಸ್ತಕವೂ ಮೊದಲನೆಯ ವರ್ಗವನ್ನು ಪ್ರವೇಶಿಸಿದವು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ವಿಧಿಸಿ, ಬೆತ್ತವನ್ನು ನಿಷೇಧಿಸಿತು. ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಮೊದಲಾದ ‘ನಲಿ-ಕಲಿ’ಯಲ್ಲಿ ಮಕ್ಕಳು ಗುಂಪುಗಳಾಗಿ ನೆಲದ ಮೇಲೆ ಕುಳಿತು, ತಮ್ಮ ತಮ್ಮ ವೇಗದಲ್ಲಿ ಕಲಿಕೆಯ ಏಣಿಯನ್ನು ಏರುವರು, ಬಲ್ಲ ಮಗುವು ಅರಿಯದ ಮಗುವಿಗೆ ನೆರವಾಗುವುದು. ಹಳೆಯ ಮಠಶಾಲೆಯ ಒಳ್ಳೆಯ ಅಂಶವೇ ಹೀಗೆ ಮತ್ತೊಂದು ರೂಪದಿಂದ ತಲೆಯೆತ್ತಿದಂತೆ ತೋರುವುದು.

ಹಿಂದಿನದೆಲ್ಲವನ್ನೂ ಹೊಗಳುವುದೂ ಹಿಂದಿನದೆಲ್ಲವನ್ನೂ ಹಳಿಯುವುದೂ ವಿವೇಕಿಗಳ ಮಾರ್ಗವಲ್ಲ. ಮರಳು, ಕಡತ, ಒಡನಾಡಿಯ ನೆರವು, ಶಕ್ತಿಗೆ ತಕ್ಕ ಏರಿಕೆ ಇವು ಮಠಶಾಲೆಯ ಗುಣಗಳು. ಕೋದಂಡ, ಅರ್ಥವಿಲ್ಲದ ಕಂಠಪಾಠ, 6,641ರಲ್ಲಿ ಕೇವಲ 60 ಹೆಣ್ಣುಮಕ್ಕಳು ಇವು ಅದರ ದೋಷಗಳು. ಗುಣವನ್ನು ಉಳಿಸಿ ದೋಷವನ್ನು ಅಳಿಸುವುದನ್ನು ಆ ಮರಳೇ ಕಲಿಸಿಕೊಟ್ಟಿದೆ. ಅಂದು ಹೊರಗುಳಿದ ಮಗುವು ಇಂದು ಒಳಗೆ ಕುಳಿತು ಮೊದಲಕ್ಷರವನ್ನು ಅಂಜಿಕೆಯಿಲ್ಲದೆ ಬರೆದರೆ, ಹೆಸರಿಲ್ಲದೆ ಹೋದ ಐಗಳ ಋಣವು ಸಂದಂತಾಗುವುದು.