ಗೋಲಗುಮ್ಮಟದ ಕಲ್ಲು ಮತ್ತು ಡೈನೋಸಾರುಗಳ ಅಳಿವು

ವಿಜಯಪುರದ ಗೋಲಗುಮ್ಮಟಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ಅವರು ಮೊದಲು ಏರುವುದು ಪಿಸುಗುಟ್ಟುವ ಗ್ಯಾಲರಿಗೆ. ತಮ್ಮ ಹೆಸರನ್ನು ತಾವೇ ಕೂಗಿ, ಪ್ರತಿಧ್ವನಿಯನ್ನು ಎಣಿಸಿ ಇಳಿದುಬರುತ್ತಾರೆ. ಗೋಡೆಯ ಕಲ್ಲು ಯಾವುದೆಂದು ಕೇಳಿದವರನ್ನು ನಾವು ಈತನಕ ಕಂಡಿಲ್ಲ. 1656ರಲ್ಲಿ ನಿಧನರಾದ ಸುಲ್ತಾನ್ ಮುಹಮ್ಮದ್ ಆದಿಲ್ ಶಾಹರ ಈ ಸಮಾಧಿಯ ಕಪ್ಪು ಬೂದು ಶಿಲೆ ಬಸಾಲ್ಟ್. ಭೂಗರ್ಭದಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾರಸ. ಅದು ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಡೈನೋಸಾರುಗಳು ಅಳಿದ ಕಾಲವೂ ಅದೇ. ಆದ್ದರಿಂದಲೇ ಈ ಕಲ್ಲು ವಿಜ್ಞಾನಿಗಳ ಮುಂದೆ ಬಹುಕಾಲದಿಂದ ಆರೋಪಿಯಾಗಿ ನಿಂತಿದೆ.

ಭೂಮಿಯ ಇತಿಹಾಸದಲ್ಲಿ ಐದು ಮಹಾ ಅಳಿವುಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಕೊನೆಯದು ಇದು. ಜೀವಪ್ರಭೇದಗಳ ಸುಮಾರು ಮುಕ್ಕಾಲು ಪಾಲನ್ನು ಇದು ಕೊನೆಗಾಣಿಸಿತು.

1980ರಲ್ಲಿ ಭೌತವಿಜ್ಞಾನಿ ಲೂಯಿಸ್ ಅಲ್ವಾರೆಜ್, ಅವರ ಮಗ ಭೂವಿಜ್ಞಾನಿ ವಾಲ್ಟರ್ ಮತ್ತು ಇಬ್ಬರು ಸಹೋದ್ಯೋಗಿಗಳು ಬೇರೊಬ್ಬ ಆರೋಪಿಯತ್ತ ಬೆರಳು ತೋರಿದರು. ಇಟಲಿಯ ಗುಬ್ಬಿಯೋ ಪಟ್ಟಣದ ಬಳಿ, ಆ ಕಾಲದ ತೆಳುವಾದ ಜೇಡಿಮಣ್ಣಿನ ಪದರದಲ್ಲಿ ಅವರಿಗೆ ಇರಿಡಿಯಂ ಧಾತು ಅಸಹಜ ಪ್ರಮಾಣದಲ್ಲಿ ದೊರೆಯಿತು. ನೆಲದ ಮೇಲೆ ಬಲು ವಿರಳವಾದ ಈ ಧಾತು ಉಲ್ಕಾಶಿಲೆಗಳಲ್ಲಿ ಹೇರಳ. ಹಾಗಾದರೆ ಆಕಾಶದಿಂದ ದೊಡ್ಡದೊಂದು ಕ್ಷುದ್ರಗ್ರಹ ಬಂದಪ್ಪಳಿಸಿರಬೇಕು. ಕುಳಿ ಎಲ್ಲಿದೆ ಎಂದು ಹಲವರು ಕೇಳಿದರು. ಮೆಕ್ಸಿಕೋದ ಯುಕಟಾನ್‌ನಲ್ಲಿ ಹೂತುಹೋಗಿದ್ದ ಸುಮಾರು 180 ಕಿಲೋಮೀಟರ್ ಅಗಲದ ಚಿಕ್ಸುಲೂಬ್ ಕುಳಿಯೇ ಅದೆಂದು 1991ರಲ್ಲಿ ಉತ್ತರ ಬಂತು.

ಅಲ್ಲಿಗೆ ಮೊಕದ್ದಮೆ ಮುಗಿಯಲಿಲ್ಲ. ದಖನ್ನಿನ ಲಾವಾ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದ್ದಿದೆ. ಪಶ್ಚಿಮ ಘಟ್ಟದ ಕೆಲವೆಡೆ ಅದರ ದಪ್ಪ ಎರಡು ಕಿಲೋಮೀಟರಿಗೂ ಹೆಚ್ಚು. ಇಷ್ಟು ಲಾವಾದೊಡನೆ ಹೊರಬಿದ್ದ ಅನಿಲಗಳು ಹವೆಯನ್ನು ಕೆಡಿಸದೆ ಇದ್ದವೇ ಎಂದು ಗೆರ್ಟಾ ಕೆಲ್ಲರ್ ಮೊದಲಾದವರು ವಾದಿಸುತ್ತಲೇ ಬಂದರು. 2019ರಲ್ಲಿ ಎರಡು ತಂಡಗಳು ಈ ಶಿಲೆಗಳ ಕಾಲವನ್ನು ಸೂಕ್ಷ್ಮವಾಗಿ ಅಳೆದು, ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದವು. ಸ್ಫೋಟಗಳು ಅಳಿವಿಗೆ ಮುನ್ನವೇ ಆರಂಭವಾಗಿ ಅನಂತರವೂ ಮುಂದುವರಿದವು ಎಂಬಲ್ಲಿ ಇಬ್ಬರಿಗೂ ಒಮ್ಮತ. ಹೆಚ್ಚಿನ ಲಾವಾ ಹರಿದದ್ದು ಯಾವಾಗ ಎಂಬಲ್ಲಿ ಮಾತ್ರ ಭಿನ್ನಮತ: ಅಳಿವಿಗೆ ತುಸು ಮೊದಲೇ ದೊಡ್ಡ ಉಕ್ಕು ಬಂತೆಂದು ಒಂದು ತಂಡ, ಬಹುಪಾಲು ಬಳಿಕವೇ ಎಂದು ಇನ್ನೊಂದು. ಪ್ರಾಮಾಣಿಕವಾದ ಇಂಥ ಭಿನ್ನಮತ ನಮಗೆ ಅವಸರದ ತೀರ್ಪಿಗಿಂತ ಹೆಚ್ಚು ಆಪ್ತ.

ಕಲ್ಲಿನ ಪರವಾಗಿಯೂ ಒಂದು ಸಾಕ್ಷ್ಯವಿದೆ. ಗುಜರಾತಿನ ಕಚ್ಛ್ ಪ್ರದೇಶದ ಅಂಜಾರ್ ಬಳಿ, ಎರಡು ಲಾವಾ ಪದರಗಳ ನಡುವಿನ ಮಣ್ಣಿನಲ್ಲಿ ಡೈನೋಸಾರುಗಳ ಮೂಳೆಗಳೂ ಮೊಟ್ಟೆಯ ಚಿಪ್ಪುಗಳೂ ಸಿಕ್ಕಿವೆ. ಲಾವಾ ಹರಿಯತೊಡಗಿದ ಮೇಲೂ ಅವು ಅಲ್ಲಿ ಬಾಳಿ ಮೊಟ್ಟೆಯಿಟ್ಟಿದ್ದವು. ಇಂದು ಹೆಚ್ಚಿನವರು ಮುಖ್ಯ ದೋಷವನ್ನು ಕ್ಷುದ್ರಗ್ರಹದ ಮೇಲೆಯೇ ಹೊರಿಸುತ್ತಾರೆ.

ಆದರೆ 25.2 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದ ಕೊನೆಯಲ್ಲಿ, ಐದರಲ್ಲೂ ಅತಿ ಭೀಕರವಾದ ಅಳಿವು ಸಂಭವಿಸಿದಾಗ ಆರೋಪ ಬಹುಪಾಲು ಲಾವಾದ ಮೇಲೆಯೇ ನಿಲ್ಲುತ್ತದೆ. ಸೈಬೀರಿಯಾದಲ್ಲಿ ಉಕ್ಕಿದ ಲಾವಾ ನೆಲದಡಿಯ ಕಲ್ಲಿದ್ದಲ ಪದರಗಳನ್ನು ಸುಟ್ಟಿತು. ಇಂಗಾಲದ ಡೈಆಕ್ಸೈಡ್ ಏರಿತು, ಕಡಲು ಕಾದಿತು, ಅದರ ಆಮ್ಲಜನಕ ಕುಗ್ಗಿತು, ನೀರು ಆಮ್ಲೀಯವಾಯಿತು. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ಸಿಂಗರೇಣಿ ಗಣಿಗಳಿಂದ ಬರುವ ಕಲ್ಲಿದ್ದಲೂ ಅದೇ ಪರ್ಮಿಯನ್ ಯುಗದ ಕಾಡುಗಳದು.