ಕೆಂಪು ಮಣ್ಣು, ಕೆಂಪು ವೈನು ಮತ್ತು ನಮ್ಮ ತಾತ

ಮೊನ್ನೆ ವೈಟ್‌ಫೀಲ್ಡಿನಲ್ಲಿ ನಮ್ಮ ಟೀಮಿನ ಪ್ರಾಜೆಕ್ಟ್ ರಿಲೀಸ್ ಆದ ಖುಷಿಗೆ ಊಟಕ್ಕೆ ಹೋಗಿದ್ದೆವು. ಟೇಬಲ್ಲಿನ ಮೇಲೆ ‘ಲಾ ರಿಸರ್ವ್’ ಅನ್ನೋ ಕೆಂಪು ವೈನಿನ ಬಾಟಲಿ. ಹೆಸರು ನೋಡಿ ಫ್ರಾನ್ಸಿನದು ಅಂದುಕೊಂಡೆ. ತಿರುಗಿಸಿ ನೋಡಿದರೆ ದೊಡ್ಡಬಳ್ಳಾಪುರ! ನಮ್ಮೂರ ಪಕ್ಕದ್ದೇ. ಮನೆಗೆ ಬಂದು ಕೂತು ಓದಿದೆ. ಅದರ ಕಥೆ ನಿಮಗೂ ಹೇಳೋಣ ಅನಿಸಿತು.

ಕನ್ವಲ್ ಗ್ರೋವರ್ ವ್ಯಾಪಾರದ ಕೆಲಸಕ್ಕೆ ಫ್ರಾನ್ಸಿಗೆ ಓಡಾಡುತ್ತಿದ್ದವರು. ಅಲ್ಲಿನ ವೈನಿನ ರುಚಿ ಹತ್ತಿ, ಇದನ್ನು ನಮ್ಮಲ್ಲೇ ಯಾಕೆ ಮಾಡಬಾರದು ಅಂತ ಯೋಚಿಸಿದರು. ಷಾಂಪೇನಿಗೆ ಹೆಸರಾದ ಮುಮ್ ಸಂಸ್ಥೆಯ ಜಾರ್ಜ್ ವೆಸೆಲ್ ಜೊತೆಯಾದರು. ಎಷ್ಟೋ ಫ್ರೆಂಚ್ ತಳಿಗಳನ್ನು ನೆಟ್ಟು ನೋಡಿದ ಮೇಲೆ ನಂದಿ ಬೆಟ್ಟದ ತಪ್ಪಲು ಗೊತ್ತಾಯಿತು. 1988ರಲ್ಲಿ ಕಂಪನಿ ಶುರುವಾಯಿತು. ಮುಂದೆ ಮಗ ಕಪಿಲ್ ಗ್ರೋವರ್ ಅದನ್ನು ನಡೆಸಿದರು. 90ರ ದಶಕದ ನಡುವಿನಲ್ಲಿ ಬೋರ್ಡೋ ಕಡೆಯ ಮಿಷೆಲ್ ರೋಲಾಂ ಸಲಹೆಗಾರರಾಗಿ ಬಂದರು.

ಲಾ ರಿಸರ್ವ್ ಅಂದರೆ ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ಹಣ್ಣುಗಳ ಬೆರಕೆ. ಹುಳಿ ಬಂದ ರಸವನ್ನು ಫ್ರೆಂಚ್ ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಮರದ ಸಂದಿನಿಂದ ತುಸುತುಸುವೇ ಗಾಳಿಯಾಡಿ ಒಗರು ಮೆತ್ತಗಾಗುತ್ತದೆ. ಫ್ರಾನ್ಸಿನಲ್ಲಾದರೆ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ನಿದ್ದೆಯೇ ಇಲ್ಲ! ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸಿ, ಮಳೆ ಮುಗಿದ ಮೇಲೆ ಕಾಯಿ ಬಲಿಯುವಂತೆ ಮಾಡಿ, ಬೇಸಿಗೆಯ ಹೊತ್ತಿಗೆ ಕುಯ್ಯಬೇಕು.

1976ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಯಾಲಿಫೋರ್ನಿಯಾ ವೈನು ಫ್ರೆಂಚ್ ವೈನನ್ನು ಸೋಲಿಸಿದ ಪ್ರಸಿದ್ಧ ಸ್ಪರ್ಧೆ ನಡೆಸಿದ ಸ್ಟೀವನ್ ಸ್ಪರಿಯರ್ ಕೂಡ ಈ ಲಾ ರಿಸರ್ವನ್ನು ಮೆಚ್ಚಿದರಂತೆ. 2012ರಲ್ಲಿ ಕಂಪನಿ ನಾಸಿಕ್ಕಿನ ವಾಲೆ ದ ವಿನ್ ಜೊತೆ ಸೇರಿ ಗ್ರೋವರ್ ಜಾಂಪಾ ಆಯಿತು.

ಇಷ್ಟೆಲ್ಲ ಓದುವಾಗ ನಮ್ಮ ತಾತ ನೆನಪಾದರು. ದೇವನಹಳ್ಳಿ ಹತ್ತಿರ ಅವರ ಒಂದೂವರೆ ಎಕರೆ ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರ ಇತ್ತು. ಅದೇ ಕೆಂಪು ಮಣ್ಣು, ಅದೇ ಬೆಟ್ಟದ ಗಾಳಿ. ಆ ಹಣ್ಣು ಬಾಯಿಗೆ, ಜ್ಯೂಸಿಗೆ, ಅಗ್ಗದ ಸಿಹಿ ವೈನಿಗೆ ಹೋಗುತ್ತಿತ್ತು. ವಿಮಾನ ನಿಲ್ದಾಣ ಬರುವ ಹೊತ್ತಿಗೆ ತಾತ ತೋಟ ಮಾರಿಬಿಟ್ಟರು. 2008ರಲ್ಲಿ ನಿಲ್ದಾಣ ಶುರುವಾದಾಗ ಅಲ್ಲಿ ಚಪ್ಪರದ ಕಲ್ಲುಕಂಬವೂ ಉಳಿದಿರಲಿಲ್ಲ.

ದೊಡ್ಡವನಾದ ಮೇಲೆ ಒಂದು ಸಲ ಕೇಳಿದ್ದೆ, “ತಾತ, ವೈನಿನ ದ್ರಾಕ್ಷಿ ಹಾಕಬಹುದಿತ್ತಲ್ವಾ?”

“ಹಾಕಿ ಮೂರು ವರ್ಷ ಫಸಲಿಗೆ ಕಾಯ್ಬೇಕು ಕಣಪ್ಪಾ. ಸಾಲದ ಬಡ್ಡಿ ಕಾಯುತ್ತಾ?” ಅಂದಿದ್ದರು.

ಆಗ ನಗು ಬಂದಿತ್ತು. ಈಗ ಅರ್ಥವಾಗುತ್ತಿದೆ. ಕಾಯುವುದಕ್ಕೂ ಬಂಡವಾಳ ಬೇಕು. ಬೇರೆ ವ್ಯಾಪಾರವಿದ್ದ ಮನೆತನ ವರ್ಷಗಟ್ಟಲೆ ಪ್ರಯೋಗ ಮಾಡಬಹುದಿತ್ತು, ಆಮೇಲೆ ಪೀಪಾಯಿಯ ಮುಂದೆಯೂ ಕೂರಬಹುದಿತ್ತು. ತಾತ ಕುಯ್ದ ಹಣ್ಣನ್ನು ಅವತ್ತೇ ಮಂಡಿಗೆ ಹಾಕಬೇಕಿತ್ತು. ಗ್ರೋವರ್ ಅವರ ಸಾಹಸ ಇದರಿಂದ ಸಣ್ಣದೇನೂ ಆಗಲ್ಲ ಬಿಡಿ... ಫ್ರೆಂಚ್ ಬಳ್ಳಿ ನಮ್ಮ ನೆಲದಲ್ಲಿ ಬದುಕುತ್ತೆ ಅಂತ ತೋರಿಸಿಕೊಟ್ಟರಲ್ಲ.

2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಿತು, ಬೆಂಗಳೂರು ನೀಲಿಗೂ ಭೌಗೋಳಿಕ ಗುರುತು ಸಿಕ್ಕಿದೆ. ತಾತನ ಚಪ್ಪರಕ್ಕೆ ಮಾತ್ರ ಎರಡೂ ತಡವಾಯಿತು.

ಅವತ್ತು ಲೋಟದಲ್ಲಿದ್ದ ವೈನು ಸ್ವಲ್ಪ ಒಗರೊಗರಾಗಿಯೇ ಇತ್ತು. ನಿಮ್ಮ ಮನೆಯಲ್ಲೂ ಇಂಥ ತೋಟ ಇತ್ತಾ? ಇದ್ದರೆ ಬರೆಯಿರಿ.