ಆಧಾರ ವರ್ಗ (ಲಾಜಿಸ್ಟಿಕ್ ರಿಗ್ರೆಶನ್)

ಹೌದು–ಇಲ್ಲ ಎಂಬ ಫಲಿತಾಂಶದ ವಿಶ್ಲೇಷಣೆಯಲ್ಲಿ ಉಳಿದ ವರ್ಗಗಳನ್ನು ಹೋಲಿಸಲು ಇಟ್ಟುಕೊಂಡ ವರ್ಗ. ಕರ್ನಾಟಕದ 4 ಕಂದಾಯ ವಿಭಾಗಗಳಲ್ಲಿ ಬೆಂಗಳೂರು ಆಧಾರವಾದರೆ ಬೆಳಗಾವಿ, ಮೈಸೂರು, ಕಲಬುರಗಿಗಳಿಗೆ 3 ಗುಣಾಂಕಗಳು ಬರುತ್ತವೆ. ಕಲಬುರಗಿಯ ಆಡ್ಸ್ ಅನುಪಾತ (ಆಡ್ಸ್ ಎಂದರೆ ‘ಹೌದು’ ಸಂಭವನೀಯತೆಯನ್ನು ‘ಇಲ್ಲ’ ಸಂಭವನೀಯತೆಯಿಂದ ಭಾಗಿಸಿದ್ದು) 0.5 ಎಂದು ಬಂತೆನ್ನಿ; ಕಲಬುರಗಿಯನ್ನೇ ಆಧಾರ ಮಾಡಿದರೆ ಬೆಂಗಳೂರಿನದು 2 ಆಗುತ್ತದೆ. ಅಂದಾಜು ಸಂಭವನೀಯತೆಗಳು ಮಾತ್ರ ಬದಲಾಗವು. ಆಡ್ಸ್ ಎರಡರಷ್ಟಾದರೆ ಸಂಭವನೀಯತೆಯೂ ಎರಡರಷ್ಟಾಯಿತು ಎಂದು ಓದುವುದು ದೊಡ್ಡ ತಪ್ಪು: ಶೇ 50 ಇದ್ದದ್ದು ಸುಮಾರು ಶೇ 67 ಆಗುತ್ತದೆ, ಅಷ್ಟೆ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನವಿರುವ ಕಲಬುರಗಿ ವಿಭಾಗದ ಹಿನ್ನಡೆಯೇ ಪ್ರಶ್ನೆಯಾದಾಗ ಅದನ್ನೇ ಆಧಾರವಾಗಿಸುವುದು ಲೇಸು. ಆದರೆ ಕಲಬುರಗಿ ನಗರದ ಸೂಪರ್ ಮಾರ್ಕೆಟ್ ಗಿರಾಕಿಗಳನ್ನು ತಾಲ್ಲೂಕುವಾರು ಹೋಲಿಸುವಾಗ ಕಮಲಾಪುರದವರು ಕೆಲವರೇ ಸಿಕ್ಕಿದ್ದರೆ ಆ ತಾಲ್ಲೂಕನ್ನು ಆಧಾರ ಮಾಡಬಾರದು. ಮಾಡಿದರೆ ಎಲ್ಲ ಹೋಲಿಕೆಗಳೂ ಅನಿಶ್ಚಿತವಾಗುತ್ತವೆ. ಆಧಾರ ಯಾವುದೆಂಬುದನ್ನು ಕೋಷ್ಟಕದಲ್ಲೇ ಬರೆಯಬೇಕು.